ನಾಲ್ಕು ಚುಕ್ಕಿಗೆ ಒಂದು ಬಣ್ಣ

ಲಿಂಗರಾಜ ತೀರಿಕೊಂಡ ಮರುದಿನ ಪರವಾಡದ ಕಾರ್ಖಾನೆಯಿಂದ ಇಬ್ಬರು ಬಂದಿದ್ದರು. ವಿಶಾಖಪಟ್ಟಣದ ಗಾಜುವಾಕದಲ್ಲಿದ್ದ ಅವನ ಸಣ್ಣ ಮನೆಯ ಮುಂದೆ ಶೂ ಕಳಚಿಟ್ಟು ಒಳಗೆ ಹೋಗಿ ಹಾರ ಹಾಕಿದರು, ಹೆಂಡತಿ ಪಾರ್ವತಿಗೆ ಕೈ ಮುಗಿದರು, ಹೊರಗೆ ಬಂದು ಮಾತಾಡುತ್ತ ನಿಂತರು. ಮನುಷ್ಯ ಒಳ್ಳೆಯವನೇ, ಆದರೆ ಒಂದು ಬಣ್ಣಕ್ಕೋಸ್ಕರ ಕೆಲಸ ಕಳೆದುಕೊಂಡ ಎಂದರು. ಆ ಬಣ್ಣ ಯಾವುದು, ಅದು ಯಾರ ತಲೆಗೆ ಬರಲಿತ್ತು ಎನ್ನುವುದು ಇಬ್ಬರಿಗೂ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಹಾಗೆ ಹೇಳಿದರು. ಗೊತ್ತಿಲ್ಲದವರಿಗೆ ಇದನ್ನು ಹೇಳಲೇಬೇಕು.

ಲಿಂಗರಾಜ ರಾಣೆಬೆನ್ನೂರಿನವನು. ಫೋಟೊ ಸ್ಟುಡಿಯೋದಲ್ಲಿ ಕೆಲಸ ಕಲಿತು, ಮದುವೆ ವಿಡಿಯೋ ತೆಗೆಯುವ ಸಂಬಂಧಿಯೊಬ್ಬನ ಹಿಂದೆ ವಿಜಯವಾಡಕ್ಕೆ ಬಂದ. ಅಲ್ಲಿನ ಗಾಂಧಿನಗರದಲ್ಲಿ ಎರಡನೇ ಮಹಡಿಯ ಕೋಣೆಯೊಂದರಲ್ಲಿ ಕುಳಿತು ಮದುವೆಗಳನ್ನು ಕತ್ತರಿಸಿ ಜೋಡಿಸುವುದು ಅವನ ಕೆಲಸ. ಹಳೆಯ ಕ್ಯಾಸೆಟ್ಟಿನ ಕಾಲ ಮುಗಿದು ಡಿಜಿಟಲ್ ಟೇಪಿನ ಕ್ಯಾಮೆರಾ, ಕಂಪ್ಯೂಟರ್ ಬಂದಾಗ ಉಳಿದವರೆಲ್ಲ ಹಿಗ್ಗಿದರು. ಇವನು ಮಾತ್ರ ಪರದೆಗೆ ಮೂಗು ತಾಗಿಸಿ ಕುಳಿತ. ವಧುವಿನ ಕೆಂಪು ಸೀರೆಯ ಕೆಂಪು ಸೀರೆಯೊಳಗೆ ನಿಲ್ಲುತ್ತಿರಲಿಲ್ಲ. ಪಕ್ಕದಲ್ಲಿದ್ದ ವರನ ಬಿಳಿ ಪಂಚೆಯ ಅಂಚಿಗೂ ಒಂದಿಷ್ಟು ಹರಿಯುತ್ತಿತ್ತು. ಹಿಂದೆ ಹಸಿರು ಬಟ್ಟೆ ಕಟ್ಟಿ ಚಿತ್ರ ತೆಗೆದು, ಆ ಹಸಿರಿನ ಜಾಗದಲ್ಲಿ ಊಟಿಯ ತೋಟ ಕೂರಿಸಲು ಹೋದರೆ ಹುಡುಗಿಯ ಕೂದಲಿನ ಅಂಚು ಇಲಿ ಕಡಿದ ಹಾಗೆ ಕಾಣುತ್ತಿತ್ತು. ಮಾಲೀಕರು ನಿನ್ನ ಕೈ ಸರಿಯಿಲ್ಲ ಎಂದರು. ಲಿಂಗರಾಜ ಸಿಕ್ಕಸಿಕ್ಕ ಪುಸ್ತಕ ಓದಿ, ಕೈಯದಲ್ಲ, ಬಣ್ಣವನ್ನು ಬರೆದಿಡುವ ರೀತಿಯದೇ ಈ ದೋಷ ಎಂದು ಕಂಡುಕೊಂಡ.

ಅವನು ಕಂಡುಕೊಂಡದ್ದು ಇಷ್ಟು. ಪರದೆಯ ಚಿತ್ರವೆಂದರೆ ಲಕ್ಷಾಂತರ ಚುಕ್ಕಿಗಳು. ಒಂದೊಂದು ಚುಕ್ಕಿಗೂ ತನ್ನದೇ ಬೆಳಕು ಇದೆ: ಇಷ್ಟು ಹೊಳಪು, ಇಷ್ಟು ಕಪ್ಪು ಎಂದು ಬೇರೆಬೇರೆಯಾಗಿ ಬರೆದಿಟ್ಟಿರುತ್ತಾರೆ. ಆದರೆ ತನ್ನದೇ ಬಣ್ಣ ಇಲ್ಲ. ಮೇಲೆ ಎರಡು, ಕೆಳಗೆ ಎರಡು, ಹೀಗೆ ನಾಲ್ಕು ಚುಕ್ಕಿಗೆ ಸೇರಿಸಿ ಬರೆಯುವ ಬಣ್ಣ ಒಂದೇ. ನಮ್ಮ ಕಣ್ಣು ಬೆಳಕನ್ನು ಗುರುತಿಸುವುದರಲ್ಲಿ ಬಲು ಚುರುಕು, ಬಣ್ಣದಲ್ಲಿ ಸೋಮಾರಿ. ಆ ಸೋಮಾರಿತನವನ್ನು ನೆಚ್ಚಿಕೊಂಡು ಜಾಗ ಉಳಿಸುತ್ತಾರೆ. ದೊಡ್ಡ ಗೋಡೆ, ಆಕಾಶ, ಮುಖ ಇವಕ್ಕೆಲ್ಲ ಏನೂ ಆಗುವುದಿಲ್ಲ. ಆದರೆ ತೀರಾ ಸಣ್ಣ ವಸ್ತುವೊಂದು ಗಾಢ ಬಣ್ಣದ ಇನ್ನೊಂದರ ಪಕ್ಕದಲ್ಲಿದ್ದರೆ, ಅದರ ಬೆಳಕು ಅದರದೇ, ಬಣ್ಣ ಮಾತ್ರ ನೆರೆಯವರದು.

ಮುಂದೆ ಅವನು ವಿಶಾಖಪಟ್ಟಣಕ್ಕೆ ಬಂದು ಪರವಾಡದ ಔಷಧ ಕಾರ್ಖಾನೆಯೊಂದರ ತರಬೇತಿ ವಿಭಾಗ ಸೇರಿದ. ಹೊಸ ಕೆಲಸಗಾರರಿಗೆ ತೋರಿಸುವ ಚಿತ್ರಗಳನ್ನು ತೆಗೆಯುವುದು ಕೆಲಸ. ಭಾನುವಾರಗಳಲ್ಲಿ ಮಧುರವಾಡದಲ್ಲಿ ಗೆಳೆಯ ನಂದೀಶನ ಮನೆಯಲ್ಲಿ ನಾಲ್ಕಾರು ಕನ್ನಡದವರು ಸೇರುತ್ತಿದ್ದರು. ಅಲ್ಲಿ ಲಿಂಗರಾಜ ತನ್ನ ಚುಕ್ಕಿ ಪುರಾಣ ಬಿಚ್ಚಿದನೆಂದರೆ ನಂದೀಶ ಬಿಡುತ್ತಿರಲಿಲ್ಲ.

"ಹಂಗಾದ್ರೆ ನನ್ನ ಮದುವೆ ಕ್ಯಾಸೆಟ್‌ನಲ್ಲಿ ನನ್ನ ಹೆಂಡ್ತಿ ಕೆನ್ನೆ ಬಣ್ಣ ನಮ್ಮಮ್ಮನ ಸೀರೇದು ಅಂತೀಯೇನೋ?"

"ಕ್ಯಾಮೆರಾ ಸುಳ್ಳು ಹೇಳಂಗಿಲ್ಲೋ. ಬಣ್ಣ ಸಾಲದಿದ್ರ ಬಾಜೂ ಮನಿಯಿಂದ ಕಡ ತರತೈತಿ, ಅಷ್ಟ," ಎನ್ನುತ್ತಿದ್ದ ಲಿಂಗರಾಜ. ಎಲ್ಲರೂ ನಗುತ್ತಿದ್ದರು. ಈ ವಿದ್ಯೆಯಿಂದ ಒಬ್ಬ ಸತ್ತವನ ಮಾನ ಉಳಿಯುತ್ತದೋ ಹೋಗುತ್ತದೋ ಎನ್ನುವ ದಿನ ಬಂದೀತೆಂದು ಯಾರಿಗೂ ಅನ್ನಿಸಿರಲಿಲ್ಲ.

ಕಾರ್ಖಾನೆಯಲ್ಲಿ ದ್ರಾವಕದ ಕೋಣೆ ಎಂದು ಒಂದಿತ್ತು. ಬೆಂಕಿ ಹತ್ತದಿರಲೆಂದು ಅದರೊಳಗೆ ಆಗಾಗ ನೈಟ್ರೋಜನ್ ಬಿಡುತ್ತಿದ್ದರು. ನೈಟ್ರೋಜನ್ ತುಂಬಿದಾಗ ಒಳಗೆ ಹೋದರೆ ವಾಸನೆಯಿಲ್ಲ, ಹೊಗೆಯಿಲ್ಲ. ಉಸಿರಿಗೆ ಗಾಳಿಯೇ ಇಲ್ಲದೆ ಮನುಷ್ಯ ಕುಸಿಯುತ್ತಾನೆ. ಅದಕ್ಕೆಂದು ಬಾಗಿಲ ಮೇಲೆ ಮಂಜುಗಾಜಿನ ಒಂದು ದೀಪ. ಆ ಒಂದೇ ಗಾಜಿನ ಹಿಂದೆ ಮೂರು ಬಲ್ಬು. ಕೆಂಪು ಹತ್ತಿದರೆ ಹೋಗಬೇಡ, ಹಳದಿ ಹತ್ತಿದರೆ ಕಾಯು, ಹಸಿರು ಹತ್ತಿದರೆ ಹೋಗು. ದೀಪದ ಪಕ್ಕದಲ್ಲೇ ಅಪಾಯವೆಂದು ಬರೆದ ಕಡುಗೆಂಪು ಬೋರ್ಡು. ದೀಪ ಕೆಲವೊಮ್ಮೆ ಹುಚ್ಚುಹುಚ್ಚಾಗಿ ಹತ್ತುತ್ತದೆ, ವೈರು ನೋಡಿಸಿ ಎಂದು ಕೆಲಸಗಾರರು ಮತ್ತೆ ಮತ್ತೆ ಹೇಳಿದ್ದರು. ಯಾರೂ ನೋಡಿಸಲಿಲ್ಲ.

ಎರಡು ಸಾವಿರದ ಆರನೇ ಇಸವಿಯ ಒಂದು ಬೆಳಿಗ್ಗೆ ಲಿಂಗರಾಜ ಅದೇ ಅಂಗಳದಲ್ಲಿ ಸುರಕ್ಷತೆಯ ಬಗ್ಗೆಯೇ ಚಿತ್ರ ತೆಗೆಯುತ್ತಿದ್ದ. ಮುಖವಾಡ ಹಾಕಿದ ಕೆಲಸಗಾರರ ಸಾಲು ಮುಂದೆ; ಬಹಳ ಹಿಂದೆ, ಚಿತ್ರದ ಮೂಲೆಯಲ್ಲಿ, ಆ ಬಾಗಿಲು. ಸತ್ಯಮೂರ್ತಿ ಎಂಬ ಆಪರೇಟರ್ ಬಾಗಿಲು ತೆರೆದು ಒಳಗೆ ಹೋದದ್ದನ್ನು ಲಿಂಗರಾಜ ಕಂಡ. ಆದರೆ ಅವನ ಕಣ್ಣು ಕ್ಯಾಮೆರಾದ ಕಿಂಡಿಯಲ್ಲಿತ್ತು, ಆ ಕ್ಯಾಮೆರಾದ ಕಿಂಡಿಯಲ್ಲಿ ಲೋಕವೆಲ್ಲ ಕಪ್ಪು ಬಿಳುಪು. ದೀಪ ಅವನಿಗೆ ಬರೀ ಒಂದು ಬಿಳಿ ಬೊಟ್ಟು. ಸತ್ಯಮೂರ್ತಿ ಮತ್ತೆ ಹೊರಗೆ ಬರಲಿಲ್ಲ. ಎತ್ತಿಕೊಂಡು ಬಂದರು.

ಹೆಣ ಮಣ್ಣಾಗುವ ಮೊದಲೇ ಕಾರ್ಖಾನೆಯಲ್ಲಿ ಮಾತು ಸಿದ್ಧವಾಗಿತ್ತು: ಕೆಂಪು ದೀಪವಿದ್ದರೂ ಲೆಕ್ಕಿಸದೆ ಒಳಗೆ ಹೋದ, ತನ್ನ ತಪ್ಪಿನಿಂದ ತಾನೇ ಸತ್ತ. ಸಾಕ್ಷಿಗೆ ಲಿಂಗರಾಜನ ಚಿತ್ರವನ್ನೇ ಹಿಡಿದರು. ಟೇಪಿನಿಂದ ವಿಸಿಡಿ ಮಾಡಿಸಿ, ಸಭೆಯ ಕೋಣೆಯ ದೊಡ್ಡ ಟೀವಿಯಲ್ಲಿ ನಿಲ್ಲಿಸಿ ತೋರಿಸಿದರು. ನಿಜವೇ, ಬಾಗಿಲ ಮೇಲಿನ ಬೊಟ್ಟು ಕೆಂಪಗಿತ್ತು. ಚಿತ್ರ ತೆಗೆದವನು ದೀಪ ಕೆಂಪಾಗಿದೆ ಎಂದು ಬರೆದು ಸಹಿ ಹಾಕಿದರೆ ಎಲ್ಲ ಮುಗಿಯುತ್ತಿತ್ತು.

ಲಿಂಗರಾಜ ಹಾಕಲಿಲ್ಲ. ಜನರಲ್ ಮ್ಯಾನೇಜರ್ ಶಂಕರಪ್ಪನವರು ಅವನನ್ನು ಒಳಗೆ ಕರೆಸಿಕೊಂಡರು. ಚನ್ನಪಟ್ಟಣದ ಕಡೆಯವರು, ಓದಿದ ಎಂಜಿನಿಯರ್. ಲಿಂಗರಾಜ ಅವರಿಗೆ ಬಿಡಿಸಿ ಹೇಳಿದ: ಮೂಲ ಟೇಪಿನಲ್ಲೇ ಆ ದೀಪ ಒಂದೆರಡು ಚುಕ್ಕಿಯಷ್ಟಿದೆ. ಅದರ ಬಣ್ಣವನ್ನು ಪಕ್ಕದ ಕೆಂಪು ಬೋರ್ಡಿನ ಚುಕ್ಕಿಗಳ ಜೊತೆ ಸೇರಿಸಿ ಬರೆದಿದೆ. ವಿಸಿಡಿಯಲ್ಲಿ ಚಿತ್ರವನ್ನೇ ಕುಗ್ಗಿಸಿದ್ದರಿಂದ ಚುಕ್ಕಿಗಳು ದಪ್ಪಗಾಗಿವೆ, ಆ ದಪ್ಪ ಚುಕ್ಕಿಗಳಲ್ಲೂ ಮತ್ತೆ ನಾಲ್ಕಕ್ಕೆ ಒಂದೇ ಬಣ್ಣ. ದೀಪ ಹತ್ತಿತ್ತು ಎನ್ನಬಹುದು. ಯಾವ ಬಣ್ಣ ಎಂದು ಚಿತ್ರಕ್ಕೇ ಗೊತ್ತಿಲ್ಲ.

ಶಂಕರಪ್ಪನವರಿಗೆ ಅರ್ಥವಾಗಲಿಲ್ಲ ಎಂದು ಯಾರೂ ಅಂದುಕೊಳ್ಳಬಾರದು. ಹೇಳಿ ಮುಗಿಸುವ ಮೊದಲೇ ಅರ್ಥವಾಗಿತ್ತು. ನನಗೆ ಸಿಟ್ಟು ಬರುವುದೇ ಅದಕ್ಕೆ.

"ಸರಿ ಕಣಪ್ಪ, ಕೆಂಪು ಅಂತ ಹೇಳೋಕಾಗಲ್ಲ. ಹಸಿರು ಅಂತ ಹೇಳ್ತೀಯಾ?"

"ಇಲ್ರಿ ಸರ್. ಅದನ್ನೂ ಹೇಳಾಕ ಬರೂದಿಲ್ಲ."

"ಮತ್ತಿನ್ನೇನು? ಕಾಣ್ತಾ ಇರೋದು ಕೆಂಪು. ಕಂಡಿದ್ದನ್ನ ಬರಿ. ನಾವು ಅನ್ನ ಹುಡುಕ್ಕೊಂಡು ಈ ಊರಿಗೆ ಬಂದೋರು ಲಿಂಗರಾಜು. ನಮ್ಮೋನು ಅಂತ ಕರೆದು ಹೇಳ್ತಾ ಇದೀನಿ."

"ಸತ್ಯಮೂರ್ತಿ ಯಾರವನ್ರಿ ಸರ್ ಹಂಗಾದ್ರ?"

ಶಂಕರಪ್ಪನವರು ಮುಂದಿನ ಫೈಲು ಎಳೆದುಕೊಂಡರು. ತಾಯ್ನುಡಿಯನ್ನು ಹೀಗೂ ಬಳಸಬಹುದು ಎಂಬುದು ಲಿಂಗರಾಜನಿಗೆ ಅಂದು ತಿಳಿಯಿತು. ವರ್ಷಗಟ್ಟಲೆ ಅವನ ಜೊತೆ ಇಂಗ್ಲಿಷಿನಲ್ಲೇ ಮಾತಾಡಿದ್ದ ಮನುಷ್ಯ, ಒಂದು ಸುಳ್ಳು ಬೇಕಾದಾಗ ಕನ್ನಡಕ್ಕೆ ಬಂದಿದ್ದರು.

ಸತ್ಯಮೂರ್ತಿಯ ಹೆಂಡತಿ ದುರ್ಗಾಂಬ. ಗಂಡ ಮೈಮರೆತು ಸತ್ತನಂತೆ ಎಂಬ ಮಾತು ಅವಳ ಓಣಿಯವರೆಗೂ ಬಂದಿತ್ತು. ಅತ್ತೆಯ ಕಡೆಯವರು ಕುಡಿದಿದ್ದನೇನೋ ಎಂದು ಕೇಳಿಯೂ ಆಗಿತ್ತು. ಲಿಂಗರಾಜ ಹೋದಾಗ ಅವಳು ಕೇಳಿದ್ದು ಒಂದೇ: ಸಿನಿಮಾದಲ್ಲಿ ಕೆಂಪು ಕಾಣುತ್ತದಂತೆ, ಹೌದೇ? ಅವನು ಅವಳ ಅಂಗಳದ ರಂಗೋಲಿಯನ್ನೇ ತೋರಿಸಿ ಹೇಳಿದ. ನೀವು ಚುಕ್ಕಿ ಇಟ್ಟು ಬಿಳಿ ಗೆರೆಯನ್ನು ಎಳೆಯುವಾಗ ಎಳೆ ತಪ್ಪುವುದಿಲ್ಲ, ಆಮೇಲೆ ಬಣ್ಣವನ್ನು ಮಾತ್ರ ಮುಷ್ಟಿಯಲ್ಲಿ ಹಿಡಿದು ಉದುರಿಸುತ್ತೀರಿ, ಅದು ಗೆರೆ ದಾಟಿ ಪಕ್ಕದ ಮನೆಗೂ ಬೀಳುತ್ತದೆ. ಆ ಚಿತ್ರದಲ್ಲೂ ಹಾಗೇ ಆಗಿದೆ. ದುರ್ಗಾಂಬ ರಂಗೋಲಿಯನ್ನು ನೋಡಿದಳು. ಅಷ್ಟು ಸುಲಭದ್ದನ್ನು ಅಷ್ಟು ಓದಿದವರಿಗೆ ಯಾಕೆ ಹೇಳಲಾಗಲಿಲ್ಲ ಎಂದಳು. ಹೇಳಿದ್ದೇನೆ ತಾಯಿ ಎಂದ ಲಿಂಗರಾಜ.

ದೀಪವನ್ನು ಬರಿಗಣ್ಣಿನಿಂದ ಕಂಡವನು ಒಬ್ಬನೇ ಇದ್ದ. ಬಾಲಚಂದ್ರ, ಸತ್ಯಮೂರ್ತಿಯ ಜೊತೆಗೆ ಅದೇ ಪಾಳಿಯಲ್ಲಿ ದುಡಿಯುತ್ತಿದ್ದವನು, ಬಾಗಿಲವರೆಗೂ ಒಟ್ಟಿಗೆ ನಡೆದು ಬಂದವನು. ಲಿಂಗರಾಜ ಅವನ ಮನೆಗೇ ಹೋಗಿ ಅವನ ಮಾತನ್ನು ಕ್ಯಾಮೆರಾದಲ್ಲಿ ಹಿಡಿದ. ತೆಲುಗಿನಲ್ಲಿ ಬಾಲಚಂದ್ರ ಹೇಳಿದ್ದು ಸ್ಪಷ್ಟವಾಗಿತ್ತು: "ಪಚ್ಚ ಲೈಟು ವೆಲಿಗಿಂದಿ." ಪಚ್ಚ ದೀಪ ಹತ್ತಿತ್ತು. ಲಿಂಗರಾಜನ ಎದೆ ಹಗುರವಾಯಿತು. ಚಿತ್ರದ ಅಡಿಯಲ್ಲಿ ಹಸಿರು ದೀಪ ಎಂದು ಇಂಗ್ಲಿಷಿನಲ್ಲಿ ಬರೆದು, ತನಿಖೆಗೆ ಬಂದಿದ್ದ ಸರ್ಕಾರಿ ಅಧಿಕಾರಿಗೆ ಕೊಟ್ಟ.

ವಿಚಾರಣೆಯ ದಿನ ಕಾರ್ಖಾನೆಯ ವಕೀಲರು ಅದನ್ನು ಎರಡು ಸಲ ಹಾಕಿಸಿ ನೋಡಿದರು. ಎರಡನೇ ಸಲ ಅವರ ಮುಖದಲ್ಲಿ ನಗು ಇತ್ತು. ಎದ್ದು ನಿಂತು ಬಹಳ ಮರ್ಯಾದೆಯಿಂದ ವಿವರಿಸಿದರು: ನಮ್ಮ ಕಡೆ ಪಚ್ಚ ಎಂದರೆ ಹಳದಿಯೂ ಹೌದು. ಸಾಕ್ಷಿ ಹೇಳಿದ್ದು ಹಳದಿಯೇ ಇರಬಹುದು. ಹಳದಿ ಇದ್ದಾಗ ಒಳಗೆ ಹೋದರೂ ತಪ್ಪು ಸತ್ತವನದೇ. ಆಮೇಲೆ ಲಿಂಗರಾಜನ ಕಡೆ ತಿರುಗಿದರು. "ನಿಮ್ಮ ಪಚ್ಚೆ ಬೇರೆ, ನಮ್ಮ ಪಚ್ಚ ಬೇರೆ, ಲಿಂಗರಾಜು ಗಾರು. ಬಣ್ಣ ಪಕ್ಕದ ಮನೆಯಿಂದ ಬರುತ್ತದೆ ಅಂತ ನೀವೇ ಹೇಳ್ತೀರಲ್ಲ." ಕೋಣೆಯಲ್ಲಿದ್ದವರೆಲ್ಲ ನಕ್ಕರು. ಶಂಕರಪ್ಪನವರೂ ನಕ್ಕರು. ಅಧಿಕಾರಿ ಬಾಲಚಂದ್ರನನ್ನು ಕರೆಸಿ ಎಂದರು. ಅಷ್ಟರಲ್ಲಿ ಬಾಲಚಂದ್ರನನ್ನು ವಿಜಯವಾಡದ ಡಿಪೋಗೆ ವರ್ಗ ಮಾಡಿ ಕಳಿಸಿಯಾಗಿತ್ತು.

ಮನೆಗೆ ಬಂದವನು ಊಟ ಬೇಡವೆಂದ. ಮಗಳು ಅಮೂಲ್ಯ ಇಂಟರ್, ಅಂದರೆ ನಮ್ಮ ಪಿಯುಸಿ, ಓದುತ್ತಿದ್ದಳು. ಅವಳಿಗೆ ಕನ್ನಡಕ್ಕಿಂತ ತೆಲುಗೇ ಬಾಯಿಗೆ ಬೇಗ ಬರುತ್ತಿತ್ತು. ನಡೆದದ್ದನ್ನು ಕೇಳಿ ಅವಳು ಕಣ್ಣರಳಿಸಿದಳು.

"ಅಪ್ಪಾ, ಪಚ್ಚ ಅಂದ್ರೆ ಎರಡೂ ಕದಾ. ಕಾಮಾಲೆಗೆ ಪಚ್ಚಕಾಮೆರ್ಲು ಅಂತಾರಲ್ಲ, ಅದೇನು ಹಸಿರಾ? ಹಸಿರು ಬೇಕಂದ್ರೆ ಆಕು ಪಚ್ಚ ಅನ್ಬೇಕು. ಎಲೆ ಪಚ್ಚ."

"ಇಷ್ಟು ವರ್ಷ ಈ ಊರಿನ ಅನ್ನ ಉಂಡು ಇದೊಂದು ಮಾತು ಕಲಿಲಿಲ್ಲೇನ್ರಿ," ಎಂದಳು ಪಾರ್ವತಿ, ತಾಟು ಮುಂದಿಡುತ್ತ. ಚುಚ್ಚಬೇಕೆಂದು ಅಂದದ್ದಲ್ಲ, ಆದರೆ ಚುಚ್ಚಿತು. ಕಷ್ಟದ ತೆಲುಗು ಮಾತುಗಳನ್ನೆಲ್ಲ ಅವನು ಕೇಳಿ ಕೇಳಿ ಕಲಿತಿದ್ದ. ಇದನ್ನು ಕೇಳಿರಲಿಲ್ಲ, ಏಕೆಂದರೆ ಇದು ತನ್ನ ಮನೆಯಿಂದಲೇ ತಂದ ಮಾತು ಎಂದುಕೊಂಡಿದ್ದ. ಮನೆಯಿಂದ ತಂದದ್ದನ್ನು ಯಾರು ಪರೀಕ್ಷೆ ಮಾಡುತ್ತಾರೆ? ಟೇಪಿನಲ್ಲಿ ತಾನೇ ಹಿಡಿದ ದೋಷ ತನ್ನ ಕಿವಿಯಲ್ಲೂ ಇತ್ತು. ಅದಕ್ಕಿಂತ ಹೆಚ್ಚಾಗಿ ಅವನನ್ನು ಸುಟ್ಟದ್ದು ಆ ನಗು. ಒಬ್ಬ ಮನುಷ್ಯ ಸತ್ತಿದ್ದಾನೆ, ಅವನ ಹೆಂಡತಿ ಹೊರಗಿನ ಬೆಂಚಿನ ಮೇಲೆ ಕುಳಿತಿದ್ದಾಳೆ, ಒಳಗೆ ಒಂದು ಪದದ ಮೇಲೆ ನಗುತ್ತಿದ್ದಾರೆ.

ರಜೆ ಕೊಡಲಿಲ್ಲ. ಕೊಡದಿದ್ದರೂ ಅವನು ರತ್ನಾಚಲ್ ರೈಲು ಹತ್ತಿ ವಿಜಯವಾಡಕ್ಕೆ ಹೋದ. ಆಟೋನಗರದ ಡಿಪೋದ ಎದುರಿನ ಪಾನ್ ಅಂಗಡಿಯ ಹತ್ತಿರ ಬಾಲಚಂದ್ರ ಸಿಕ್ಕ. ಈ ಸಲ ಲಿಂಗರಾಜ ಕ್ಯಾಮೆರಾ ಒಯ್ದಿರಲಿಲ್ಲ, ತಾನಾಗಿ ಯಾವ ಬಣ್ಣದ ಹೆಸರನ್ನೂ ಎತ್ತಬಾರದೆಂದು ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡಿದ್ದ. ದೀಪ ಹೇಗಿತ್ತು ಎಂದಷ್ಟೇ ಕೇಳಿದ. ಎಷ್ಟು ಸಲ ಹೇಳಬೇಕು ಸಾರ್, ಪಚ್ಚ ಎಂದು ಬಾಲಚಂದ್ರ ರೇಗಿದ. ಯಾವ ಪಚ್ಚ ಎಂದ ಲಿಂಗರಾಜ.

ಬಾಲಚಂದ್ರ ಅವನನ್ನು ಒಂದು ಗಳಿಗೆ ದಿಟ್ಟಿಸಿದ. ಅಂಗಡಿಯ ಒದ್ದೆ ಬಟ್ಟೆಯ ಮೇಲಿನ ಕಟ್ಟಿನಿಂದ ಒಂದು ವೀಳ್ಯದೆಲೆ ಎತ್ತಿ ಅವನ ಅಂಗೈಯಲ್ಲಿಟ್ಟ. "ಇದಿ," ಎಂದ. ಇದು. ಆಮೇಲೆ ದನಿ ತಗ್ಗಿಸಿ, "ಪಸುಪು ಅಯಿತೇ ನೇನು ಪೋನಿಸ್ತಾನಾ ಸಾರ್?" ಎಂದ. ಹಳದಿ ಇದ್ದಿದ್ದರೆ ಅವನನ್ನು ನಾನು ಹೋಗಲು ಬಿಡುತ್ತಿದ್ದೆನೇ?

ಅಂಗಡಿಯವನು ಎಲೆಗೆ ಸುಣ್ಣ ಹಚ್ಚಬೇಕೇ ಎಂದು ಕೇಳಿದ.

ಬಂದು ಇದನ್ನೇ ಹೇಳು ಎಂದು ಲಿಂಗರಾಜ ಕೇಳಿದಾಗ ಬಾಲಚಂದ್ರ ತಲೆ ಅಲ್ಲಾಡಿಸಿದ. ನೀವು ನಾಳೆ ನಿಮ್ಮ ಊರಿಗೆ ಹೋದರೂ ಬದುಕುತ್ತೀರಿ, ನಾನು ಇಲ್ಲಿಯವನು, ಇದೇ ಕಂಪನಿಯ ಬಾಗಿಲಲ್ಲಿ ನಿಲ್ಲಬೇಕಾದವನು ಎಂದ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಲಿಂಗರಾಜ ಒತ್ತಾಯಿಸಲಿಲ್ಲ. ಮುಂದಿನ ವಿಚಾರಣೆಯ ದಿನ ತಿಳಿಸಿ, ದುರ್ಗಾಂಬ ಅಂದೂ ಹೊರಗಿನ ಬೆಂಚಿನ ಮೇಲೆ ಕುಳಿತಿರುತ್ತಾಳೆ ಎಂದು ಹೇಳಿ ಹಿಂತಿರುಗಿದ.

ಆ ದಿನ ಬಾಲಚಂದ್ರ ಬಂದ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಶಂಕರಪ್ಪನವರ ಕಡೆ ನೋಡದೆ, ಅಧಿಕಾರಿಯ ಮುಂದೆ ನಿಂತು ಆಕು ಪಚ್ಚ ಎಂದ. ಕೇಳುವ ಮೊದಲೇ ಹೇಳಿದ. ವಕೀಲರು ಹಿಂದೆ ಬರೀ ಪಚ್ಚ ಎಂದಿದ್ದೆಯಲ್ಲ ಎಂದರು. ಬರೀ ಪಚ್ಚ ಅಂದದ್ದು ಕೇಳಿದವರಿಗೆ ತೆಲುಗು ಬರುತ್ತದೆ ಅಂದುಕೊಂಡು ಎಂದ ಬಾಲಚಂದ್ರ. ಈ ಸಲ ನಗಬಹುದಾಗಿತ್ತು, ಯಾರೂ ನಗಲಿಲ್ಲ.

ಆಗ ವಕೀಲರು ಮತ್ತೆ ವಿಸಿಡಿಗೆ ಬಂದರು. ಒಬ್ಬನ ಬಾಯಿಮಾತಿಗಿಂತ ಯಂತ್ರ ಕಂಡದ್ದು ದೊಡ್ಡದು, ಯಂತ್ರ ಕೆಂಪು ಎನ್ನುತ್ತಿದೆ ಎಂದರು. ಅಧಿಕಾರಿ ಲಿಂಗರಾಜನನ್ನು ನೇರವಾಗಿ ಕೇಳಿದರು: ಈ ಚಿತ್ರದಿಂದ ದೀಪ ಹಸಿರಾಗಿತ್ತು ಎಂದು ನೀವು ಹೇಳುತ್ತೀರಾ? ಹೊರಗೆ ಕುಳಿತವಳ ನೆನಪಿದ್ದರೂ, ಹೌದು ಎನ್ನುವುದು ಅಷ್ಟು ಹತ್ತಿರವಿದ್ದರೂ, ಅವನು ಇಲ್ಲ ಎಂದ. ಬೆಳಕು ದೀಪದ್ದು, ಬಣ್ಣ ದೀಪದ್ದಲ್ಲ. ಹಸಿರೆಂದರೂ ಕೆಂಪೆಂದರೂ ಚಿತ್ರದ ಮೇಲೆ ಸುಳ್ಳು ಹೊರಿಸಿದ ಹಾಗೆ ಎಂದ. ನೋಡಿ, ಇವರದೇ ಮನುಷ್ಯ ಇವರಿಗೆ ಉಪಯೋಗವಿಲ್ಲ ಎಂದರು ವಕೀಲರು. ನಿಮಗೂ ಇಲ್ಲವಲ್ಲ ಎಂದು ಅಧಿಕಾರಿ ವಿಸಿಡಿಯನ್ನು ಬದಿಗೆ ಸರಿಸಿದರು. ಚಿತ್ರ ಹೋದ ಮೇಲೆ ಉಳಿದದ್ದು ದೀಪವನ್ನು ಕಣ್ಣಾರೆ ಕಂಡ ಒಬ್ಬ ಮನುಷ್ಯನ ಮಾತು.

ಸತ್ಯಮೂರ್ತಿ ನಿಯಮ ಮೀರಿ ಒಳಗೆ ಹೋಗಲಿಲ್ಲ ಎಂದು ವರದಿ ಬಂತು. ತರಬೇತಿ ವಿಭಾಗ ಮುಚ್ಚಿತು. ಲಿಂಗರಾಜನಿಗೆ ಗೋದಾಮಿನಲ್ಲಿ ಡ್ರಮ್ಮು ಎಣಿಸುವ ಕೆಲಸ ಕೊಟ್ಟರು, ಅವನೇ ಬಿಟ್ಟು ಬರಲಿ ಎಂದು. ಅವನು ಬಿಟ್ಟ. ಮತ್ತೆ ಮದುವೆ ಮನೆಗಳಿಗೆ ಕ್ಯಾಮೆರಾ ಹೊತ್ತು ತಿರುಗಿದ, ಮೂರನೇ ವರ್ಷ ಒಂದು ಮುಹೂರ್ತದ ಗದ್ದಲದಲ್ಲಿ ಎದೆ ಹಿಡಿದುಕೊಂಡು ಕುಳಿತವನು ಏಳಲಿಲ್ಲ. ಶಂಕರಪ್ಪನವರಿಗೆ ಬಡ್ತಿಯಾಗಿತ್ತು.

ವರದಿ ಬಂದ ದಿನ ಸುದ್ದಿ ಹೇಳಲು ಲಿಂಗರಾಜ ದುರ್ಗಾಂಬಳ ಮನೆಗೆ ಹೋಗಿದ್ದ, ನಂದೀಶನೂ ಜೊತೆಗಿದ್ದ. ಅವಳು ಹೊಸಿಲ ಮೇಲೆ ನಿಂತು ಕೇಳಿಸಿಕೊಂಡಳು. ಗಂಡನ ತಪ್ಪಿಲ್ಲ ಎಂದು ಬರೆದಿದ್ದಾರೆ ಎಂದಾಗ ಕಣ್ಣು ಮುಚ್ಚಿ ತೆರೆದಳು. ಒಳಗಿದ್ದ ಅತ್ತೆಗೆ ಕೇಳುವ ಹಾಗೆ, ಆ ಸಾಲನ್ನು ಇನ್ನೊಮ್ಮೆ ಜೋರಾಗಿ ಹೇಳಿ ಎಂದಳು. ಲಿಂಗರಾಜ ಜೋರಾಗಿ ಹೇಳಿದ. ಮುಂದೇನು ಬರೆದಿದ್ದಾರೆ ಎಂದು ಕೇಳಿದಳು. ಮುಂದೆ, ಊಹಿಸಲಾಗದ ತಾಂತ್ರಿಕ ಕಾರಣ ಎಂದಿತ್ತು. ವೈರಿನ ಮಾತಿರಲಿಲ್ಲ, ನೋಡಿಸದವರ ಹೆಸರಿರಲಿಲ್ಲ.

"ಆಯನದಿ ಕಾದು," ಎಂದಳು ದುರ್ಗಾಂಬ. ತಪ್ಪು ಅವರದಲ್ಲ. "ಮರಿ ಎವರಿದಿ?"

ಹಾಗಾದರೆ ಯಾರದು ಎಂದು ಕೇಳಿ ಅವಳು ಉತ್ತರಕ್ಕಾಗಿ ಕಾದಳು. ಒಳಗಿನಿಂದ ಅತ್ತೆ ಎದ್ದು ಬಂದು, ಸೊಸೆಯ ಪಕ್ಕದಲ್ಲಿ ನಿಂತು, ಅವಳೂ ಲಿಂಗರಾಜನ ಮುಖವನ್ನೇ ನೋಡತೊಡಗಿದಳು.